ಧೂಪದ ವಾಸನೆ ಬರೋ ಪರ್ಫ್ಯೂಮ್ ಹಾಕೋರು ಯಾರಾದ್ರೂ ಇದೀರಾ?

ಮಲ್ನಾಡ್_ಮೂಗು:
ಫ್ರೆಂಡ್ ಹತ್ರ ಕಾಮ್ ದೆ ಗಾರ್ಸಾನ್ ಕಂಪನಿದು ಅವಿನ್ಯೋನ್ ಇತ್ತು, ಮಣಿಕಟ್ಟಿಗೆ ಒಂದು ಸ್ಪ್ರೇ ಹೊಡ್ಕೊಂಡೆ. ಹಳೇ ಚರ್ಚ್ ಒಳಗಿನ ತಣ್ಣನೆ ಕಲ್ಲು, ಅದ್ರ ಮೇಲೆ ಹೊಗೆ. ಅವತ್ತಿಂದ ತಲೇಲಿ ಅದೇ ಕೂತಿದೆ, ಮನೇಲಿ ಮಾತ್ರ ಯಾವ ಮಠಕ್ಕೆ ಹೋಗಿದ್ದಿ ಅಂತ ಕಾಲೆಳೀತಾರೆ. ಆಸೆಗೆ ಬಿದ್ದು ಫ್ರಾಂಕಿನ್ಸೆನ್ಸ್ ಎಣ್ಣೆ ತರಿಸಿದ್ರೆ ಅದು ನಿಂಬೆಸಿಪ್ಪೆ, ಪೈನ್ ಮರದ ಥರ ಇದೆ, ಹೊಗೆ ಸುಳಿವೇ ಇಲ್ಲ. ಡೂಪ್ಲಿಕೇಟಾ? ಮತ್ತೆ ಆಫೀಸಿಗೆ ಹಾಕೋ ಅಂಥದ್ದು ಯಾವ್ದಿದೆ?

ಕೆಂಡಸಂಪಿಗೆ:
ವಾಸನೆ ನೀವು ಹೇಳಿದಂಗೇ ಇದ್ರೆ ಎಣ್ಣೆ ಸರಿಯಾಗೇ ಇದೆ ಗುರೂ. ಫ್ರಾಂಕಿನ್ಸೆನ್ಸ್ ಅಂದ್ರೆ ಬಾಸ್ವೆಲಿಯಾ ಮರದ ಅಂಟು, ಅದನ್ನ ಹಬೇಲಿ ಭಟ್ಟಿ ಇಳಿಸಿದಾಗ ಮುಖ್ಯವಾಗಿ ಸಿಗೋದು ಪೈನೀನ್, ಲಿಮೋನೀನ್ ಥರದ ಹಗುರ ಐಟಮ್‌ಗಳು, ಕೆಂಡಕ್ಕೆ ಹಾಕಿದಾಗ ಬರೋದೇ ಬೇರೆ. ಆ ಚರ್ಚ್ ವಾಸನೆ ಹಿಂದೆ ಇರೋದು ಆಲಿಬಾನಿಕ್ ಆಸಿಡ್ ಅಂತ 2016ರಲ್ಲಿ ಫ್ರಾನ್ಸಿನ ಕೆಮಿಸ್ಟ್‌ಗಳು ಹಿಡಿದ್ರು, ಅಂಟಲ್ಲಿ ಇರೋದೇ ಚೂರೇ ಚೂರು, ಆದ್ರೂ ಮೂಗಿಗೆ ಹೊಡೆಯತ್ತೆ. ಹೊಗೆ ಬೇಕಂದ್ರೆ ಪರ್ಫ್ಯೂಮರ್‌ಗಳು ಬರ್ಚ್ ಟಾರ್, ಕೇಡ್ ಎಣ್ಣೆ ಅಂಥವನ್ನ ಹನಿ ಲೆಕ್ಕದಲ್ಲಿ ಸೇರಿಸ್ತಾರೆ. ಅವಿನ್ಯೋನ್ 2002ರದ್ದು, ಬರ್ಟ್ರಾಂಡ್ ದುಶೋಫೂರ್ ಮಾಡಿದ್ದು, ಇವತ್ತಿಗೂ ಅದನ್ನ ಮೀರಿಸಿದ್ದು ನನಗಂತೂ ಸಿಕ್ಕಿಲ್ಲ.

ಮಸ್ಕತ್_ಮಂಜ:
ಇಲ್ಲಿ ಮಸ್ಕತ್‌ನ ಮತ್ರಾ ಸೂಕ್‌ನಲ್ಲಿ, ಅಂದ್ರೆ ಹಳೇ ಮಾರ್ಕೆಟ್ಟಲ್ಲಿ, ಈ ಅಂಟನ್ನ ಚೀಲಗಟ್ಟಲೆ ಇಟ್ಕೊಂಡು ಮಾರ್ತಾರೆ, ಓಮನ್‌ನ ಧೋಫಾರ್ ಕಡೆ ಮಾಲು. ಹಸಿರು ಛಾಯೆ ಇರೋ ಹೋಜರಿ ಅನ್ನೋ ದರ್ಜೆಗೆ ರೇಟ್ ಜಾಸ್ತಿ. ತೊಗಟೆ ಕೆತ್ತಿ ಬಿಟ್ರೆ ಹಾಲು ಒಸರಿ ಅಲ್ಲೇ ಗಟ್ಟಿಯಾಗತ್ತೆ, ಮೊದಲ ಕೊಯ್ಲು ಅಷ್ಟಕ್ಕಷ್ಟೆ, ಆಮೇಲೆ ಬರೋದೇ ಒಳ್ಳೇದು. ರಾತ್ರಿ ನೀರಲ್ಲಿ ನೆನೆಹಾಕಿ ಬೆಳಗ್ಗೆ ಕುಡಿಯೋರೂ ಇದಾರೆ, ಬಟ್ಟೆಗೆ ಹೊಗೆ ಹಿಡಿಯೋದಂತೂ ಮಾಮೂಲಿ.

ಶಾಂತಕ್ಕ:
ಬಟ್ಟೆಗೆ ಹೊಗೆ ಹಿಡಿಯೋದು ನಮಗೇನು ಹೊಸದಲ್ಲ ಬಿಡಿ, ಬಾಣಂತಿಗೆ ಎರೆದಾದ್ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಬಿದಿರುಬುಟ್ಟಿ ಬೋರಲು ಹಾಕಿ ಅದ್ರ ಮೇಲೆ ಕೂದಲು ಹರವೋರು, ದಿಂಬಿಗೆಲ್ಲ ಅದೇ ಘಮ ಹತ್ತಿರೋದು. ಪರ್ಫ್ಯೂಮಲ್ಲಿ ಬೆನ್ಜೋಯಿನ್ ಅಂತಾರಲ್ಲ, ಅದೇ ಆ ಸಾಂಬ್ರಾಣಿ ಕುಟುಂಬ, ವೆನಿಲಾ ಥರ ಸಿಹಿ. ಆಫೀಸಿಗೆ ಅಂಥದ್ದೇ ಹುಡುಕಿ. ಗೆರ್ಲೇನ್‌ನ ಶಾಲಿಮಾರ್ 1925ರದ್ದು, ಮೊದಲು ಬರೋದು ಬೆರ್ಗಮೋಟ್ ಅನ್ನೋ ನಿಂಬೆಜಾತಿ ಹಣ್ಣಿನ ವಾಸನೆ, ಕೊನೇಗೆ ಉಳಿಯೋದು ವೆನಿಲಾ, ರೆಸಿನ್ ಅಂದ್ರೆ ಮರದ ಅಂಟು. ಅಂಟು ಭಾರದ ಪದಾರ್ಥ, ಬೇಗ ಹಾರಲ್ಲ, ಹಾಗಾಗಿ ಅಂಗಡೀಲಿ ಮೂಸಿ ತಕ್ಷಣ ಡಿಸೈಡ್ ಮಾಡ್ಬೇಡಿ, ಎರಡ್ಮೂರು ಗಂಟೆ ಬಿಟ್ಟು ನೋಡಿ. ಏಪ್ರಿಲ್ ಬಿಸಿಲಲ್ಲಿ ಅವಿನ್ಯೋನ್ ಹಾಕ್ಕೊಂಡು ಬಸ್ ಹತ್ತಿದ್ರೆ ಪಕ್ಕದೋರ ಪಾಪ ಕಟ್ಕೋತೀರಾ.

ಊದಿನಕಡ್ಡಿ_ಉಮೇಶ:
ನನ್ನ ತಕರಾರೇ ಬೇರೆ. ಎಲ್ಲ ಓಮನ್ ಫ್ರಾಂಕಿನ್ಸೆನ್ಸು, ಸುಮಾತ್ರಾ ಬೆನ್ಜೋಯಿನ್ನು. ನಮ್ಮ ಪಶ್ಚಿಮ ಘಟ್ಟದ ಹಾಲ್ಮಡ್ಡಿ ಎಲ್ಲೋಯ್ತು? ಗಾಳೀಲಿರೋ ತೇವ ಹೀರಿ ಮಸಾಲಾ ಬತ್ತೀನ ಮೆತ್ತಗಿಡೋ ಅಂಟು ಅದು. ಅದನ್ನಿಟ್ಟು ಮಾಡಿದ ಒಂದು ಬಾಟ್ಲಿ ಪರ್ಫ್ಯೂಮ್ ಯಾರಿಗಾದ್ರೂ ಸಿಕ್ಕಿದ್ರೆ ಹೆಸರು ಹಾಕಿ, ನಾನಂತೂ ಹುಡುಕಿ ಸಾಕಾಗಿದೀನಿ.

ಮಲ್ನಾಡ್_ಮೂಗು:
@ಶಾಂತಕ್ಕ ಶಾಲಿಮಾರ್ ಹೆಂಗಸ್ರದ್ದಲ್ವಾ?

ಶಾಂತಕ್ಕ:
ಮೂಗಿಗೆ ಗೊತ್ತಾಗತ್ತಾ ಅದು? ಹಾಕ್ಕೊಳ್ಳಪ್ಪ.