ಸಹಾಯ ಬೇಕು: ಟ್ಯಾಗ್ ಹತ್ತಿರ ಬಂದರೆ ರಿಸೀವರ್‌ಗೆ ಕೇಳಿಸುತ್ತಿಲ್ಲ

ಕಾವೇರಿಯ ಮಹಶೀರ್ ಮೀನುಗಳಿಗೆ ಟ್ಯಾಗ್ (ನೀರಲ್ಲಿ ಪಲ್ಸ್, ಅಂದರೆ ಶಬ್ದದ ಚಿಕ್ಕ ಮಿಡಿತ ಬಿಡೋ ಪುಟ್ಟ ಸಾಧನ) ಹಾಕೋ ಮುಂಚೆ, ಹೆಬ್ಬಾಳದ ಕಡೆ ಒಂದು ಕೆರೆಯಲ್ಲಿ ಅದನ್ನು ಕೇಳಿ ದಾಖಲಿಸೋ 69 ಕಿಲೋಹರ್ಟ್ಸ್ ರಿಸೀವರ್ ಇಳಿಸಿ, ಎಷ್ಟು ದೂರದವರೆಗೆ ಕೇಳಿಸುತ್ತದೆ ಅಂತ ರೇಂಜ್ ಟೆಸ್ಟ್ ಮಾಡುತ್ತಿದ್ದೇವೆ. ಟ್ಯಾಗ್ 100 ಮೀಟರ್ ದೂರ ಇದ್ದಾಗ ಚೆನ್ನಾಗಿ ದಾಖಲಾಗುತ್ತದೆ, 20 ಮೀಟರ್‌ಗೆ ತಂದರೆ ಅರ್ಧಕ್ಕರ್ಧ ಮಾಯ. ವಿಚಿತ್ರ ಅಲ್ವಾ?

ಬ್ಯಾಟರಿ ಬದಲಾಯಿಸಿದೆವು. ರಿಸೀವರ್ ವಾಲದ ಹಾಗೆ ಕಲ್ಲು ಕಟ್ಟಿ, ತೇಲು ಬಿಗಿ ಮಾಡಿದೆವು. ಸುತ್ತಲಿನ ಅಂತರಗಂಗೆ ಕಿತ್ತಿದ್ದೂ ಆಯ್ತು (ಎರಡೇ ದಿನಕ್ಕೆ ಮತ್ತೆ ಬಂತು, ಬಿಡಿ). ಗಾಳಿಗುಳ್ಳೆ ಬಿಡೋ ಏರೇಟರ್ ನಿಲ್ಲಿಸಿದರೂ ಅದೇ ಕಥೆ.

ಲಾಗ್ ನೋಡಿದರೆ ಪಲ್ಸ್‌ಗಳು ಜಾಸ್ತಿನೇ ಇವೆ, ಅವು ಸೇರಿ ಆಗೋ ಪೂರ್ತಿ ಐಡಿ (ಟ್ಯಾಗ್‌ನ ಗುರುತಿನ ಸಂಖ್ಯೆ) ಮಾತ್ರ ಕಡಿಮೆ. ಆಳ ಕಮ್ಮಿ, ಏರಿಗೆ ಕಲ್ಲು ಕಟ್ಟಿದ್ದಾರೆ, ಪ್ರತಿಧ್ವನಿ ಬಂದು ಪಲ್ಸ್‌ಗಳನ್ನು ಕೆಡಿಸುತ್ತಿರಬಹುದು ಅಂತ ನನ್ನ ಅನುಮಾನ.

ಇದಕ್ಕೆ ಕಡಿಮೆ ಪವರ್ ಟ್ಯಾಗ್ ಸಾಕಾ, ಇಲ್ಲ 180 ಕಿಲೋಹರ್ಟ್ಸ್‌ಗೇ ಹೋಗಬೇಕಾ? ಆಳವಿಲ್ಲದ ನೀರಲ್ಲಿ ಮಾಡಿದವರು ಹೇಳಿ.