ಅಪ್ಪನಿಗೆ ಹೆಪಟೈಟಿಸ್ ಬಿ ಇದೆ, ಮೈಕ್ರೋ ಆರ್‌ಎನ್‌ಎ ಟೆಸ್ಟ್ ಮಾಡಿಸಬೇಕಾ?

ಶಿಡ್ಲಘಟ್ಟ_ರೀಲರ್

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 58 ವರ್ಷ. ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿದಾಗ ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಬಂತು. ಆರು ತಿಂಗಳು ಬಿಟ್ಟು ಮಾಡಿಸಿದಾಗಲೂ ಅದೇ. ಕಾಮಾಲೆ ಇಲ್ಲ, ಊಟ ನಿದ್ದೆ ಎಲ್ಲ ಸರಿಯಾಗಿದೆ, ಬೆಳಗ್ಗೆ ರೇಷ್ಮೆ ಗೂಡಿನ ಮಾರ್ಕೆಟ್ಟಿಗೂ ಅವರೇ ಹೋಗುತ್ತಾರೆ. ಆದರೆ ನಮ್ಮ ದೊಡ್ಡಪ್ಪ ಲಿವರ್ ಕ್ಯಾನ್ಸರಿನಿಂದ ತೀರಿಕೊಂಡರು, ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು, ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಭಯ. ಈಗ ಒಂದು ಖಾಸಗಿ ಲ್ಯಾಬಿನವರು ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ನೋಡಿ ಕ್ಯಾನ್ಸರ್ ಶುರುವಿನಲ್ಲೇ ಹೇಳುತ್ತೇವೆ ಅನ್ನುತ್ತಿದ್ದಾರೆ. ದುಡ್ಡು ಜಾಸ್ತಿನೇ. ಅಪ್ಪನಿಗಿಂತ ದುಡ್ಡು ದೊಡ್ಡದಲ್ಲ, ಆದರೆ ಇದನ್ನು ನಂಬಬಹುದಾ? ತಿಳಿದವರು ಹೇಳಿ.

ತುಮಕೂರು_ಲ್ಯಾಬ್

ನಾನು ತುಮಕೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಮೊದಲೇ ಹೇಳಿಬಿಡುತ್ತೇನೆ, ಸದ್ಯಕ್ಕೆ ಆ ದುಡ್ಡು ಕೈಯಲ್ಲೇ ಇರಲಿ.

ಮೈಕ್ರೋ ಆರ್‌ಎನ್‌ಎ ಸುಳ್ಳಲ್ಲ. ನಮ್ಮ ಕೋಶಗಳಲ್ಲಿರುವ, ಸುಮಾರು 22 ಆರ್‌ಎನ್‌ಎ ಅಕ್ಷರಗಳಷ್ಟು ಉದ್ದದ ಚಿಕ್ಕ ಎಳೆ, ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನೋದನ್ನು ಹಿಡಿತದಲ್ಲಿ ಇಡುತ್ತೆ. ಇದನ್ನು ಕಂಡುಹಿಡಿದಿದ್ದಕ್ಕೆ ಆಂಬ್ರೋಸ್ ಮತ್ತು ರುವ್ಕುನ್ ಅನ್ನೋ ವಿಜ್ಞಾನಿಗಳಿಗೆ 2024ರಲ್ಲಿ ನೊಬೆಲ್ ಬಂತು. ಲಿವರಿನಲ್ಲಿ ಮಿಆರ್-122 ಅಂತ ಒಂದಿದೆ, ಅಲ್ಲಿರುವ ಮೈಕ್ರೋ ಆರ್‌ಎನ್‌ಎಗಳಲ್ಲಿ ಹೆಚ್ಚುಕಮ್ಮಿ ನೂರಕ್ಕೆ 70 ಭಾಗ ಅದೊಂದೇ. ಹೆಪಟೈಟಿಸ್ ಸಿ ವೈರಸ್ ಬೆಳೆಯೋದಕ್ಕೂ ಅದೇ ಬೇಕು. ಲಿವರ್ ಕೋಶ ಒಡೆದರೆ ಅದು ರಕ್ತಕ್ಕೆ ಬರುತ್ತೆ, ಬಂದ ಮೇಲೂ ಬೇಗ ಹಾಳಾಗಲ್ಲ.

ತೊಂದರೆ ಇರೋದು ಇಲ್ಲೇ. ಹೆಪಟೈಟಿಸ್ ಆದರೂ ಕೋಶ ಒಡೆಯುತ್ತೆ, ಕುಡಿತದಿಂದಲೂ ಒಡೆಯುತ್ತೆ, ಪ್ಯಾರಾಸಿಟಮಾಲ್ ಅತಿಯಾದರೂ ಒಡೆಯುತ್ತೆ. ಹಾಗಾಗಿ 122 ಜಾಸ್ತಿ ಬಂದರೆ ಲಿವರಿಗೆ ಪೆಟ್ಟಾಗಿದೆ ಅಂತ ಹೇಳಬಹುದು, ಗೆಡ್ಡೆ ಇದೆ ಅಂತ ಹೇಳೋಕಾಗಲ್ಲ. ಅದಕ್ಕೇ ಒಂದನ್ನೇ ನೆಚ್ಚಿಕೊಳ್ಳದೆ ಹಲವನ್ನು ಸೇರಿಸಿ ನೋಡುತ್ತಾರೆ. 2011ರಲ್ಲಿ ಚೀನಾದವರು 934 ಜನರ ರಕ್ತದಲ್ಲಿ ಏಳು ಮೈಕ್ರೋ ಆರ್‌ಎನ್‌ಎ ಅಳೆದು, ಹೆಪಟೈಟಿಸ್ ಬಿ ಸಂಬಂಧದ ಕ್ಯಾನ್ಸರನ್ನು ಚೆನ್ನಾಗಿ ಗುರುತಿಸಬಹುದು ಅಂತ ತೋರಿಸಿದರು. ಆಸೆ ಹುಟ್ಟಿಸುವ ಕೆಲಸವೇ. ಆದರೆ ಬೇರೆ ಬೇರೆ ಅಧ್ಯಯನಗಳಲ್ಲಿ ಆರಿಸಿಕೊಂಡ ಮೈಕ್ರೋ ಆರ್‌ಎನ್‌ಎ ಗುಂಪು ಬೇರೆ ಬೇರೆ, ಇಷ್ಟು ದಾಟಿದರೆ ಕ್ಯಾನ್ಸರ್ ಅನ್ನೋಕೆ ಎಲ್ಲರೂ ಒಪ್ಪಿದ ಗಡಿರೇಖೆ ಇನ್ನೂ ಇಲ್ಲ.

ಇನ್ನೊಂದು, ಇದು ನಾನು ದಿನಾ ಕಣ್ಣಾರೆ ನೋಡೋದು. ಸಿರಿಂಜ್ ಜೋರಾಗಿ ಎಳೆದರೋ, ಟ್ಯೂಬ್ ಕುಲುಕಿದರೋ ಕೆಂಪು ರಕ್ತಕಣ ಒಡೆಯುತ್ತೆ. ತಿಳಿ ಹಳದಿ ಇರಬೇಕಾದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ನೀರು, ಗುಲಾಬಿಗೆ ತಿರುಗಿರುತ್ತೆ. ಆ ಕಣಗಳ ಒಳಗೆ ಮಿಆರ್-16, ಮಿಆರ್-451 ತುಂಬಾ ಇರುತ್ತೆ. ಎಷ್ಟೋ ಕಡೆ ಮಿಆರ್-16 ಅನ್ನೇ ಹೋಲಿಕೆಗೆ ಇಟ್ಟುಕೊಂಡು ಉಳಿದವನ್ನು ಅಳೆಯುತ್ತಾರೆ. ಅಳತೆಗೋಲೇ ಹಿಗ್ಗಿದರೆ ಅಳತೆ ಎಲ್ಲಿ ಸರಿ ಬರುತ್ತೆ ಹೇಳಿ?

ಶಿಡ್ಲಘಟ್ಟ_ರೀಲರ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಹಾಗಾದರೆ ಈಗ ಏನು ಮಾಡಿಸಲಿ? ಸುಮ್ನೆ ಕೂರೋಕೂ ಮನಸ್ಸು ಒಪ್ಪುತ್ತಿಲ್ಲ.

ಕೋಲಾರದಿಂದ_ಒಬ್ಬ

ಸುಮ್ನೆ ಕೂರಬೇಡಿ ತಮ್ಮಾ. ನನಗೂ ಹೆಪಟೈಟಿಸ್ ಬಿ ಇದೆ, ವೈರಸ್ ತಡೆಯೋಕೆ ದಿನಾ ಒಂದು ಟೆನೊಫೊವಿರ್ ಮಾತ್ರೆ ತಗೊಳ್ಳುತ್ತೇನೆ. ಮೊದಲು ವೈರಸ್ ಎಷ್ಟಿದೆ ಅಂತ ನೋಡುವ ಎಚ್‌ಬಿವಿ ಡಿಎನ್‌ಎ ಟೆಸ್ಟ್ ಮಾಡಿಸಿ. ಜೊತೆಗೆ ಲಿವರಿಗೆ ಪೆಟ್ಟಾಗಿದೆಯಾ ಅಂತ ನೋಡುವ ಎಸ್‌ಜಿಪಿಟಿ ರಕ್ತ ಪರೀಕ್ಷೆ, ಮತ್ತೆ ಲಿವರ್ ಗಟ್ಟಿಯಾಗಿದೆಯಾ ಅಂತ ನೋಡುವ ಫೈಬ್ರೋಸ್ಕ್ಯಾನ್. ಮಾತ್ರೆ ಬೇಕೋ ಬೇಡವೋ ಅಂತ ಡಾಕ್ಟರು ಅದರ ಮೇಲೆ ಹೇಳುತ್ತಾರೆ. ಕೇಂದ್ರ ಸರ್ಕಾರದ ವೈರಲ್ ಹೆಪಟೈಟಿಸ್ ಕಾರ್ಯಕ್ರಮ 2018ರಿಂದ ಇದೆ, ಅದರಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಒಮ್ಮೆ ಶುರು ಮಾಡಿದ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು, ವೈರಸ್ ಮತ್ತೆ ಕೆರಳುತ್ತೆ.

ತುಮಕೂರು_ಲ್ಯಾಬ್

ಅಣ್ಣ ಹೇಳಿದ್ದು ಸರಿ. ಅದರ ಜೊತೆ ಆರು ತಿಂಗಳಿಗೊಮ್ಮೆ ಲಿವರ್ ಅಲ್ಟ್ರಾಸೌಂಡ್, ಎಎಫ್‌ಪಿ ರಕ್ತ ಪರೀಕ್ಷೆ (ಲಿವರ್ ಕ್ಯಾನ್ಸರ್ ಆದಾಗ ಎಷ್ಟೋ ಸಲ ಏರುವ ಒಂದು ಪ್ರೋಟೀನ್). ನಿಮ್ಮ ತಂದೆಗೆ 40 ದಾಟಿದೆ, ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಗಿದೆ, ಹಾಗಾಗಿ ಇದನ್ನು ತಪ್ಪಿಸಲೇಬೇಡಿ. ಹೆಪಟೈಟಿಸ್ ಬಿ ಇದ್ದವರಿಗೆ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗೋದು) ಇಲ್ಲದೆಯೂ ಕ್ಯಾನ್ಸರ್ ಬರಬಹುದು. ಬರೀ ಎಎಫ್‌ಪಿ ಸಾಲದು, ಚಿಕ್ಕ ಗೆಡ್ಡೆ ಇದ್ದರೂ ಅದು ಎಷ್ಟೋ ಸಲ ನಾರ್ಮಲ್ ಬರುತ್ತೆ. ಈ ಕೊರತೆ ತುಂಬೋಕೇ ಮೈಕ್ರೋ ಆರ್‌ಎನ್‌ಎ ಹಿಂದೆ ಇಷ್ಟು ಜನ ಬಿದ್ದಿರೋದು, ಅದು ಬೇಗ ಕೈಗೂಡಲಿ ಅಂತ ನನಗೂ ಆಸೆ ಇದೆ.

ಚಿಂತಾಮಣಿ_ಅಕ್ಕ

ನಮ್ಮ ಕಡೆ ಲಿವರ್ ಅಂದ ತಕ್ಷಣ ಸೊಪ್ಪಿನ ಔಷಧಿಗೆ ಕರೆದುಕೊಂಡು ಹೋಗುತ್ತಾರೆ. ದಯವಿಟ್ಟು ಅದರಲ್ಲಿ ದಿನ ಕಳೆಯಬೇಡಪ್ಪ. ಮತ್ತೆ ಇದು ತಾಯಿಯಿಂದ ಮಗುವಿಗೆ ಹೆರಿಗೆಯಲ್ಲೂ ಬರಬಹುದಾದ ಕಾಯಿಲೆ. ದೊಡ್ಡಪ್ಪನಿಗೂ ಲಿವರೇ ಅಂದೆಯಲ್ಲ, ಹಾಗಾದರೆ ಅತ್ತೆ, ಚಿಕ್ಕಪ್ಪ ಯಾರಿದ್ದರೂ ಟೆಸ್ಟ್ ಮಾಡಿಸಿಕೊಳ್ಳಲಿ. ನಿಮ್ಮ ಅಮ್ಮ, ನೀವು ಮಕ್ಕಳೂ ಅಷ್ಟೆ. ನೆಗೆಟಿವ್ ಬಂದು, ಮುಂಚೆ ಲಸಿಕೆ ಹಾಕಿಸಿಲ್ಲದಿದ್ದರೆ ಮೂರು ಡೋಸ್ ಹಾಕಿಸಿಕೊಳ್ಳಿ.

ಶಿಡ್ಲಘಟ್ಟ_ರೀಲರ್

ಆಗಲಿ ಅಕ್ಕ. ಸೋಮವಾರ ಅಪ್ಪನ ಜೊತೆ ನಾವೆಲ್ಲ ಜಿಲ್ಲಾ ಆಸ್ಪತ್ರೆಗೆ ಹೋಗುತ್ತೇವೆ, ಅತ್ತೆಗೂ ಫೋನ್ ಮಾಡುತ್ತೇನೆ. ಒಂದು ಕೇಳಬೇಕಿತ್ತು, ಅಪ್ಪ ಈಗ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಾರೆ, ಮೊಮ್ಮಗಳನ್ನೂ ಎತ್ತಿಕೊಳ್ಳುತ್ತಿಲ್ಲ. ಅದು ಬೇಕಾ?

ತುಮಕೂರು_ಲ್ಯಾಬ್

ಬೇಡವೇ ಬೇಡ. ಒಟ್ಟಿಗೆ ಊಟ ಮಾಡಿದರೆ, ಮಗು ಎತ್ತಿಕೊಂಡರೆ ಅಂಟಲ್ಲ. ಶೇವಿಂಗ್ ಬ್ಲೇಡ್, ಹಲ್ಲುಜ್ಜುವ ಬ್ರಷ್, ಉಗುರು ಕಟ್ಟರ್ ಮಾತ್ರ ಬೇರೆ ಇರಲಿ. ಇವತ್ತೇ ಹೇಳಿ ಅವರಿಗೆ.