ಅಪ್‌ಡೇಟ್: ಗಣಿತ ಟೀಚರ್ ಯೋಗ, ಟೆನಿಸ್ ಕಲಿಸಬಹುದಾ ಅಂತ ಕೇಳಿದ್ದೆನಲ್ಲ

ಹದಿನಾಲ್ಕು ವರ್ಷ ಗಣಿತ ಹೇಳಿಕೊಟ್ಟವಳು ನಲವತ್ತು ದಾಟಿದ ಮೇಲೆ ಯೋಗ, ಟೆನಿಸ್ ಕಲಿಸೋಕೆ ಹೊರಡಬಹುದಾ ಅಂತ ಹೋದ ವರ್ಷ ಕೇಳಿದ್ದೆ. "ಮೊದಲು ಒಂದನ್ನು ಮುಗಿಸಿ" ಅಂದಿದ್ರಿ. ಹಾಗೇ ಮಾಡಿದೆ.

200 ಗಂಟೆಯ ಯೋಗ ಶಿಕ್ಷಕರ ತರಬೇತಿ ಮುಗಿಯಿತು. ಆಸನಗಳು ಪರವಾಗಿಲ್ಲ, ಬಾಯಿ ಮುಚ್ಚಿಕೊಂಡಿರೋದೇ ಕಷ್ಟ ಆಯ್ತು. ಶವಾಸನದಲ್ಲೂ ವಿವರಣೆ ಕೊಡುತ್ತಿದ್ದೆ!

ಟೆನಿಸ್‌ನಲ್ಲಿ ಈಗ ಒಬ್ಬ ಕೋಚ್‌ಗೆ ಸಹಾಯಕಿ. ಪುಟ್ಟ ಮಕ್ಕಳಿಗೆ ಮಾಮೂಲಿ ಹಳದಿ ಚೆಂಡು ಕೊಟ್ಟಿದ್ದೇ ನನ್ನ ಮೊದಲ ತಪ್ಪು. ಅದು ಪುಟಿದು ಅವರ ತಲೆ ಮೇಲೇ ಹೋಗುತ್ತಿತ್ತು. ಮಕ್ಕಳಿಗೆ ಅಂತಲೇ ನಿಧಾನವಾದ ಚೆಂಡುಗಳಿವೆ: ಕೆಂಪು ಚೆಂಡು ಮಾಮೂಲಿಗಿಂತ ಸುಮಾರು 75% ನಿಧಾನ, ಕಿತ್ತಳೆ 50%, ಹಸಿರು 25%. ಹತ್ತು ವರ್ಷದೊಳಗಿನವರ ಪಂದ್ಯಗಳಲ್ಲಿ ಮಾಮೂಲಿ ಚೆಂಡು ಬಳಸಬಾರದು ಅಂತ 2012ರಿಂದ ನಿಯಮವೇ ಇದೆ.

ಒಬ್ಬ ಹುಡುಗಿಗೆ "ರಾಕೆಟ್ ಹಿಂದೆ, ಮಂಡಿ ಬಗ್ಗಿಸು, ಚೆಂಡು ನೋಡು" ಅಂತ ಒಂದೇ ಉಸಿರಿಗೆ ಹೇಳಿದೆ. ಪಾಪ, ಕಂಬದ ಹಾಗೆ ನಿಂತುಬಿಟ್ಟಳು. ಆಮೇಲೆ ಒಂದೇ ಕೆಲಸ ಕೊಟ್ಟೆ: ಚೆಂಡು ನೆಲಕ್ಕೆ ಬಿದ್ದಾಗ "ಟಪ್" ಅನ್ನು, ಹೊಡೆಯುವಾಗ ಉಸಿರು ಬಿಡು. ನಾಲ್ಕನೇ ಚೆಂಡು ನೆಟ್ ದಾಟಿತು. ಅವಳಿಗಿಂತ ನಾನೇ ಜಾಸ್ತಿ ಕುಣಿದೆ.

ಶಾಲೆ ಪೂರ್ತಿ ಬಿಟ್ಟಿಲ್ಲ, ಅರ್ಧ ದಿನ ಹೋಗುತ್ತೇನೆ. ಒಂದೇ ದಿನ ಚತುರಂಗ ದಂಡಾಸನ (ಮೊಣಕೈ ಮಡಚಿ ಮೈಭಾರವನ್ನೆಲ್ಲ ಕೈ, ಕಾಲ್ಬೆರಳ ಮೇಲೆ ಹೊರುವ ಆಸನ), ಟೆನಿಸ್ ಸರ್ವ್ ಎರಡನ್ನೂ ಮಾಡಿ ಭುಜ ಹಿಡಿದುಕೊಂಡಿತ್ತು. ಈಗ ಅವೆರಡಕ್ಕೂ ಬೇರೆ ಬೇರೆ ದಿನ.